ಎದೆಯೊಳಗೆ ಯಂತ್ರ, ಹಾಸಿಗೆ ಪಕ್ಕ ಮಾನಿಟರ್: ಎರಡರ ಜೊತೆಗೂ ನೆಮ್ಮದಿಯಾಗಿರುವುದು ಹೇಗೆ?

ಎದೆಯೊಳಗೆ ಪೇಸ್‌ಮೇಕರ್ (ನಿಧಾನವಾದ ಬಡಿತಕ್ಕೆ ವೇಗ ಕೊಡುವ ಯಂತ್ರ) ಅಥವಾ ಐಸಿಡಿ (ಅಪಾಯದ ಬಡಿತವನ್ನು ಶಾಕ್ ಕೊಟ್ಟು ನಿಲ್ಲಿಸುವ ಯಂತ್ರ) ಹಾಕಿಸಿಕೊಂಡು ಮನೆಗೆ ಹೊರಟವರ ಕೈಗೆ ಈಗ ಇನ್ನೊಂದು ವಸ್ತುವೂ ಬರುತ್ತದೆ. ಯಂತ್ರದ ಮಾಹಿತಿಯನ್ನು ಕ್ಲಿನಿಕ್ಕಿಗೆ ಕಳಿಸಲು ಹಾಸಿಗೆ ಪಕ್ಕ ಇಡುವ ಪುಟ್ಟ ಮಾನಿಟರ್, ಇಲ್ಲವೇ ಮೊಬೈಲಿಗೆ ಹಾಕಿಕೊಡುವ ಒಂದು ಆ್ಯಪ್. "ಪ್ಲಗ್ ಹಾಕಿಡಿ ಸಾಕು, ಉಳಿದದ್ದು ಅದೇ ನೋಡಿಕೊಳ್ಳುತ್ತೆ" ಅಂತ ಹೇಳಿ ಕಳಿಸುತ್ತಾರೆ. ಡಿಸ್ಚಾರ್ಜ್ ದಿನದ ಗಡಿಬಿಡಿಯಲ್ಲಿ ಇನ್ನೂ ಜಾಸ್ತಿ ಕೇಳುವ ತಾಳ್ಮೆ ಯಾರಿಗಿರುತ್ತದೆ?

ಪ್ರಶ್ನೆಗಳು ಹುಟ್ಟುವುದು ಮನೆಗೆ ಬಂದ ಮೇಲೆ, ಅದೂ ರಾತ್ರಿ ಹೊತ್ತು. ಡಾಕ್ಟರು ಈಗ ನನ್ನ ಹೃದಯ ನೋಡುತ್ತಾ ಇದ್ದಾರಾ? ನಡುರಾತ್ರಿ ಏನಾದರೂ ಆದರೆ ಅವರಿಗೆ ಗೊತ್ತಾಗುತ್ತಾ? ಫೋನ್ ಬರಲಿಲ್ಲ ಅಂದರೆ ಎಲ್ಲ ಸರಿಯಿದೆ ಅಂತಾನಾ, ಇಲ್ಲ ಮಾನಿಟರೇ ಕೆಟ್ಟಿದೆ ಅಂತಾನಾ?

ಈ ಲೇಖನ ಬರೆಯಲು ಕಾರಣವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಮಾನಿಟರ್ ನೋಡುವುದು ನಿಮ್ಮೊಳಗಿನ ಯಂತ್ರವನ್ನು, ಮತ್ತು ಆ ಯಂತ್ರದ ಕಣ್ಣಿಗೆ ಬಿದ್ದಷ್ಟು ಹೃದಯವನ್ನು. ನಿಮಗೆ ಹೇಗೆ ಅನಿಸುತ್ತಿದೆ ಅನ್ನುವುದು ಅದಕ್ಕೆ ತಿಳಿಯುವುದಿಲ್ಲ. ಅದನ್ನು ನೀವೇ ಬಾಯಿಬಿಟ್ಟು ಹೇಳಬೇಕು. ಯಾರಿಗೆ, ಯಾವಾಗ, ಹೇಗೆ ಹೇಳಬೇಕು ಅಂತ ಮೊದಲೇ ಗೊತ್ತಿದ್ದರೆ ಅರ್ಧ ಆತಂಕ ಅಲ್ಲಿಗೇ ಕಡಿಮೆಯಾಗುತ್ತದೆ.

ಇಷ್ಟಕ್ಕೂ ಇದರಿಂದ ಉಪಯೋಗ ಇದೆಯಾ?

ಇದೆ, ಆದರೆ ಒಂದು ಷರತ್ತಿನ ಮೇಲೆ. 2010ರಲ್ಲಿ ಪ್ರಕಟವಾದ 'ಟ್ರಸ್ಟ್' ಎಂಬ ಅಧ್ಯಯನದಲ್ಲಿ 1,339 ಐಸಿಡಿ ರೋಗಿಗಳಿದ್ದರು. ಬರೀ ಆಸ್ಪತ್ರೆ ತಪಾಸಣೆಯನ್ನೇ ನಂಬಿಕೊಂಡವರಲ್ಲಿ ಬಡಿತದ ತೊಂದರೆ ಡಾಕ್ಟರ ಗಮನಕ್ಕೆ ಬರಲು ಒಂದು ತಿಂಗಳಿಗಿಂತ ಜಾಸ್ತಿ ಹಿಡಿಯುತ್ತಿತ್ತು. ಮನೆಯಿಂದಲೇ ಮಾಹಿತಿ ಹೋಗುತ್ತಿದ್ದವರಲ್ಲಿ ಅದು ಎರಡು ದಿನದೊಳಗೆ ಗೊತ್ತಾಗುತ್ತಿತ್ತು. ಆಸ್ಪತ್ರೆಗೆ ಅಲೆಯುವುದೂ ಸುಮಾರು ಅರ್ಧದಷ್ಟು ತಗ್ಗಿತು. 2014ರಲ್ಲಿ ಬಂದ 'ಇನ್-ಟೈಮ್' ಅಧ್ಯಯನದಲ್ಲಿ ಹೃದಯ ವೈಫಲ್ಯ (ಹೃದಯಕ್ಕೆ ಬೇಕಾದಷ್ಟು ರಕ್ತ ಪಂಪ್ ಮಾಡಲಾಗದ ಸ್ಥಿತಿ) ಇದ್ದ 664 ಜನರಿದ್ದರು. ದಿನಾ ಮಾಹಿತಿ ಕಳಿಸಿ, ಅದನ್ನು ನೋಡಿ ಕೂಡಲೇ ಕ್ರಮ ತೆಗೆದುಕೊಂಡ ಗುಂಪಿನಲ್ಲಿ ಒಂದು ವರ್ಷದಲ್ಲಿ ಸಾವುಗಳು ಕಡಿಮೆ ಇದ್ದವು. ಆದರೆ 2017ರಲ್ಲಿ ಇಂಗ್ಲೆಂಡಿನಿಂದ ಬಂದ 'ರೆಮ್-ಎಚ್‌ಎಫ್' ಅಧ್ಯಯನದಲ್ಲಿ 1,650 ಜನರ ಮಾಹಿತಿಯನ್ನು ವಾರಕ್ಕೊಮ್ಮೆ ತೆಗೆದು ನೋಡಿದರೂ ಸಾವಿನಲ್ಲಾಗಲಿ, ಆಸ್ಪತ್ರೆ ಸೇರುವುದರಲ್ಲಾಗಲಿ ಗಮನಿಸುವಂಥ ವ್ಯತ್ಯಾಸ ಕಾಣಲಿಲ್ಲ.

ಮಾಹಿತಿ ಹೋಗಿ ಎಲ್ಲೋ ಕುಳಿತರೆ ಪ್ರಯೋಜನವಿಲ್ಲ; ಅದನ್ನು ನೋಡಿ ಯಾರೋ ಒಬ್ಬರು ಏನೋ ಒಂದು ಮಾಡಿದಾಗಲೇ ಲಾಭ. ಈ ಅಧ್ಯಯನಗಳನ್ನು ಒಟ್ಟಿಗೆ ಇಟ್ಟುಕೊಂಡು ನೋಡಿದಾಗ ನನಗೆ ಅನಿಸುವುದು ಇದೇ. ಹಾಗಾಗಿ ಕೆಳಗಿನ ಹಂತಗಳಲ್ಲಿ ಮೂರನೆಯದಕ್ಕೆ ನಾನು ಎಲ್ಲಕ್ಕಿಂತ ಜಾಸ್ತಿ ಬೆಲೆ ಕೊಡುತ್ತೇನೆ.

1. ನಿಮ್ಮೊಳಗೆ ಇರುವುದು ಯಾವುದು ಅಂತ ತಿಳಿದುಕೊಳ್ಳಿ

ಪೇಸ್‌ಮೇಕರ್ ನಿಧಾನವಾದ ಬಡಿತವನ್ನು ಬೇಕಾದ ವೇಗಕ್ಕೆ ತರುತ್ತದೆ. ಐಸಿಡಿ ಪ್ರಾಣಕ್ಕೆ ಕುತ್ತು ತರುವಂಥ ಅತಿವೇಗದ ಬಡಿತವನ್ನು ಗುರುತಿಸಿ, ಬೇಕಾದರೆ ಶಾಕ್ ಕೊಟ್ಟು ನಿಲ್ಲಿಸುತ್ತದೆ. ಸಿಆರ್‌ಟಿ ಹೃದಯದ ಎಡ-ಬಲ ಎರಡೂ ಕಡೆ ಒಟ್ಟಿಗೆ ಹಿಂಡುವಂತೆ ಮಾಡುತ್ತದೆ. ಲೂಪ್ ರೆಕಾರ್ಡರ್ ಯಾವ ಚಿಕಿತ್ಸೆಯನ್ನೂ ಕೊಡುವುದಿಲ್ಲ, ಬಡಿತವನ್ನು ಬರೆದಿಟ್ಟುಕೊಳ್ಳುತ್ತದೆ ಅಷ್ಟೇ. "ಏನೋ ಮೆಷಿನ್ ಹಾಕಿದ್ದಾರೆ" ಅಂತ ಇದ್ದುಬಿಡಬೇಡಿ. ಲೂಪ್ ರೆಕಾರ್ಡರ್ ಇರುವವರು ಶಾಕ್ ಬರುತ್ತದೆ ಅಂತ ಹೆದರಿಕೊಂಡು ಕೂರಬೇಕಾಗಿಲ್ಲ. ಐಸಿಡಿ ಇರುವವರಿಗೆ ಶಾಕ್ ಬಂದರೆ ಏನು ಮಾಡಬೇಕು ಅನ್ನುವುದು ಗೊತ್ತಿರಲೇಬೇಕು.

ಆಸ್ಪತ್ರೆಯಲ್ಲಿ ಕೊಟ್ಟ ಕಾರ್ಡಿನಲ್ಲಿ ಕಂಪನಿ, ಮಾಡೆಲ್, ಸೀರಿಯಲ್ ನಂಬರ್, ಹಾಕಿದ ದಿನಾಂಕ ಇರುತ್ತವೆ. ಅದನ್ನು ಪರ್ಸಿನಲ್ಲಿ ಇಟ್ಟುಕೊಳ್ಳಿ, ಫೋಟೊ ತೆಗೆದು ಮೊಬೈಲಿನಲ್ಲೂ ಇರಲಿ. ಒಂದು ಕಂಪನಿಯ ಯಂತ್ರವನ್ನು ಇನ್ನೊಂದು ಕಂಪನಿಯ ಮಾನಿಟರ್ ಓದುವುದಿಲ್ಲ. ಮೆಡ್‌ಟ್ರಾನಿಕ್, ಅಬಾಟ್, ಬಾಸ್ಟನ್ ಸೈಂಟಿಫಿಕ್, ಬಯೋಟ್ರಾನಿಕ್ ಒಂದೊಂದಕ್ಕೂ ಅದರದೇ ಜಾಲ. ತುರ್ತಿನಲ್ಲಿ ಬೇರೆ ಆಸ್ಪತ್ರೆಗೆ ಹೋದಾಗ ಅಲ್ಲಿನವರು ಮೊದಲು ಕೇಳುವುದೇ "ಯಾವ ಕಂಪನಿದು?" ಅಂತ.

2. ರಾತ್ರಿ ಅದು ಮಾಡುವ ಕೆಲಸವನ್ನು ಅರ್ಥ ಮಾಡಿಕೊಳ್ಳಿ

ಯಂತ್ರ ಹಗಲಿಡೀ ತನ್ನ ನೆನಪಿನಲ್ಲಿ ವಿಷಯಗಳನ್ನು ಬರೆದುಕೊಳ್ಳುತ್ತಿರುತ್ತದೆ. ನೀವು ಮಲಗಿದ ಮೇಲೆ, ಸಾಮಾನ್ಯವಾಗಿ ನಡುರಾತ್ರಿಯಿಂದ ಬೆಳಗಿನ ಜಾವದೊಳಗೆ, ಮಾನಿಟರ್ ಅದನ್ನು ರೇಡಿಯೊ ಅಲೆಗಳ ಮೂಲಕ ಹುಡುಕುತ್ತದೆ. ಎರಡು-ಮೂರು ಮೀಟರ್ ಒಳಗೆ ಸಿಕ್ಕರೆ ಮಾಹಿತಿಯನ್ನು ಇಳಿಸಿಕೊಂಡು, ಮೊಬೈಲ್ ನೆಟ್‌ವರ್ಕ್ ಅಥವಾ ವೈಫೈ ಮೂಲಕ ಕಂಪನಿಯ ಸರ್ವರಿಗೆ ಕಳಿಸುತ್ತದೆ. ಅಲ್ಲಿಂದ ನಿಮ್ಮ ಡಿವೈಸ್ ಕ್ಲಿನಿಕ್‌ನವರ, ಅಂದರೆ ಇಂಥ ಯಂತ್ರಗಳನ್ನು ನೋಡಿಕೊಳ್ಳುವ ವಿಭಾಗದವರ, ಪರದೆಗೆ ಬರುತ್ತದೆ. ನಿಮಗೆ ಏನೂ ಅನಿಸುವುದಿಲ್ಲ, ನಿದ್ದೆಯೂ ಕೆಡುವುದಿಲ್ಲ.

ಯಂತ್ರದಲ್ಲಿ ಎಲ್ಲ ಸರಿಯಿದ್ದರೆ ನಿಗದಿಯಾದ ದಿನಕ್ಕೆ, ಉದಾಹರಣೆಗೆ ಮೂರು ತಿಂಗಳಿಗೊಮ್ಮೆ, ಪೂರ್ತಿ ರಿಪೋರ್ಟ್ ಹೋಗುತ್ತದೆ. ಏನಾದರೂ ಎಡವಟ್ಟು ಕಂಡರೆ ಮಾತ್ರ ನಡುವೆ ಅಲರ್ಟ್ ಹೋಗುತ್ತದೆ. ಬ್ಯಾಟರಿ ಎಷ್ಟಿದೆ, ಲೀಡ್ ಅಂದರೆ ಹೃದಯಕ್ಕೆ ಹೋಗಿರುವ ತಂತಿ ಸರಿಯಿದೆಯೇ, ಯಂತ್ರ ನೂರಕ್ಕೆ ಎಷ್ಟು ಬಡಿತ ತಾನೇ ಕೊಡುತ್ತಿದೆ, ಬಡಿತ ಎಲ್ಲಿ ತಾಳ ತಪ್ಪಿತು, ಶಾಕ್ ಬಂತೇ, ದಿನಕ್ಕೆ ಎಷ್ಟು ಹೊತ್ತು ಓಡಾಡುತ್ತೀರಿ ಇವೆಲ್ಲ ಅದರಲ್ಲಿ ಇರುತ್ತವೆ. ಕೆಲವು ಯಂತ್ರಗಳು ಎದೆಯೊಳಗೆ ನೀರು ತುಂಬುತ್ತಿರುವ ಸೂಚನೆಯನ್ನೂ ಕೊಡುತ್ತವೆ.

ಒಂದು ಸಾಮಾನ್ಯ ಭಯಕ್ಕೆ ಇಲ್ಲೇ ಉತ್ತರ ಕೊಡಬಹುದು. ಮನೆಯ ಮಾನಿಟರ್ ಓದುತ್ತದೆ, ಕಳಿಸುತ್ತದೆ. ನಿಮ್ಮ ಪೇಸ್‌ಮೇಕರ್ ಅಥವಾ ಐಸಿಡಿಯ ಸೆಟ್ಟಿಂಗ್ ಅನ್ನು ಅದು ಬದಲಿಸುವುದಿಲ್ಲ. ಸೆಟ್ಟಿಂಗ್ ಬದಲಿಸಲು ಸಾಮಾನ್ಯವಾಗಿ ನೀವು ಕ್ಲಿನಿಕ್ಕಿಗೇ ಹೋಗಬೇಕು. ಮಾನಿಟರಿನ ಪ್ಲಗ್ ಕಿತ್ತರೂ ಎದೆಯೊಳಗಿನ ಯಂತ್ರ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಮಾಹಿತಿ ಹೋಗುವುದು ಮಾತ್ರ ನಿಲ್ಲುತ್ತದೆ.

3. ಕ್ಲಿನಿಕ್‌ನವರ ಹತ್ತಿರ ಈ ಮಾತುಗಳನ್ನು ಇತ್ಯರ್ಥ ಮಾಡಿಕೊಳ್ಳಿ

ಮೊದಲ ತಪಾಸಣೆಗೆ ಹೋಗುವಾಗ ಒಂದು ಕಾಗದದಲ್ಲಿ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ. ಸಂಕೋಚ ಬೇಡ. ಅವರಿಗೂ ಇದರಿಂದ ಸುಲಭವಾಗುತ್ತದೆ.

ಮೊದಲ ಪ್ರಶ್ನೆ: ನನ್ನ ಮಾಹಿತಿಯನ್ನು ಯಾರು ನೋಡುತ್ತಾರೆ, ಯಾವ ಹೊತ್ತಿನಲ್ಲಿ? ಬಹುತೇಕ ಕಡೆ ಟೆಕ್ನಿಷಿಯನ್ ಅಥವಾ ನರ್ಸ್ ಕೆಲಸದ ವೇಳೆಯಲ್ಲಿ ನೋಡುತ್ತಾರೆ, ಬೇಕಾದರೆ ಡಾಕ್ಟರಿಗೆ ತೋರಿಸುತ್ತಾರೆ. ಶನಿವಾರ ರಾತ್ರಿ ಹೋದ ಅಲರ್ಟನ್ನು ಸೋಮವಾರ ಬೆಳಿಗ್ಗೆ ನೋಡಬಹುದು. ಇದು ಕೇಳಲು ಕಹಿ ಅನಿಸುತ್ತದೆ. ಆದರೆ ಮೊದಲೇ ಗೊತ್ತಿರುವುದು ಒಳ್ಳೆಯದು, ಯಾಕೆಂದರೆ "ಅವರು ನೋಡುತ್ತಾ ಇರುತ್ತಾರೆ, ಏನಾದರೂ ಇದ್ದರೆ ಫೋನ್ ಮಾಡುತ್ತಾರೆ" ಅಂತ ಎದೆನೋವು ಇಟ್ಟುಕೊಂಡು ಕಾಯುವುದೇ ಇದರಲ್ಲಿನ ದೊಡ್ಡ ಅಪಾಯ. ಮಾನಿಟರ್ ತುರ್ತು ಸೇವೆ ಅಲ್ಲ.

ಎರಡನೆಯದು: ಎಲ್ಲ ಸರಿ ಇದ್ದಾಗಲೂ ನನಗೆ ತಿಳಿಸುತ್ತೀರಾ? ಕೆಲವು ಕ್ಲಿನಿಕ್‌ಗಳು ಮೆಸೇಜ್ ಕಳಿಸುತ್ತವೆ, ಆ್ಯಪ್‌ನಲ್ಲಿ ತೋರಿಸುತ್ತವೆ. ಇನ್ನು ಕೆಲವು, ತೊಂದರೆ ಇದ್ದರೆ ಮಾತ್ರ ಫೋನ್ ಮಾಡುತ್ತವೆ. ಎರಡನೆಯ ಪದ್ಧತಿ ಇದ್ದಲ್ಲಿ ರೋಗಿಗೆ ತಿಂಗಳುಗಟ್ಟಲೆ ಏನೂ ತಿಳಿಯುವುದಿಲ್ಲ, ಆ ಮೌನವೇ ಮನಸ್ಸನ್ನು ಕೊರೆಯುತ್ತದೆ. ನನ್ನ ಪ್ರಕಾರ "ರಿಪೋರ್ಟ್ ಬಂದಿದೆ, ಎಲ್ಲ ಚೆನ್ನಾಗಿದೆ" ಅನ್ನುವ ಒಂದು ಸಾಲಿನ ಮೆಸೇಜ್ ಕೇಳುವುದು ನಿಮ್ಮ ಹಕ್ಕು. ಕೊಡಲು ಆಗುವುದಿಲ್ಲ ಅಂದರೆ, ವರ್ಷಕ್ಕೆ ಒಂದೆರಡು ಸಲ ನೀವೇ ಫೋನ್ ಮಾಡಿ ಕೇಳಬಹುದೇ ಅಂತ ವಿಚಾರಿಸಿ.

ಮೂರನೆಯದು: ಸಂದೇಹ ಬಂದರೆ ನಾನೇ ಮಾಹಿತಿ ಕಳಿಸಬಹುದೇ? ಹೆಚ್ಚಿನ ಮಾನಿಟರ್‌ಗಳಲ್ಲಿ ಇದಕ್ಕೊಂದು ಬಟನ್ ಇರುತ್ತದೆ. ಆದರೆ ಕಳಿಸಿದ ಮೇಲೆ ಫೋನ್ ಮಾಡಿ ಹೇಳಬೇಕಾ ಅಂತ ತಪ್ಪದೆ ಕೇಳಿ. ಫೋನ್ ಮಾಡದಿದ್ದರೆ, ನೀವು ತಲೆಸುತ್ತು ಬಂದು ಕಳಿಸಿದಿರೋ, ಸುಮ್ನೆ ಒತ್ತಿದಿರೋ ಅವರಿಗೆ ಹೇಗೆ ಗೊತ್ತಾಗಬೇಕು? ಇನ್ನೊಂದು ವಿಷಯ, ಪದೇಪದೇ ಕಳಿಸಿದರೆ ಎದೆಯೊಳಗಿನ ಬ್ಯಾಟರಿ ಬೇಗ ಖರ್ಚಾಗುತ್ತದೆ.

ಜೊತೆಗೆ ಎರಡು ಫೋನ್ ನಂಬರ್ ಬರೆದುಕೊಳ್ಳಿ: ಕ್ಲಿನಿಕ್ಕಿನದು, ಮತ್ತು ಮಾನಿಟರ್ ಕೆಟ್ಟರೆ ಕೇಳಬೇಕಾದ ಕಂಪನಿಯ ಸಹಾಯವಾಣಿಯದು. ಇವೆರಡೂ ಬೇರೆಬೇರೆ. ಕೆಂಪು ದೀಪ ಹತ್ತಿದೆ ಅಂತ ಡಾಕ್ಟರಿಗೆ ಫೋನ್ ಮಾಡಿ ಪ್ರಯೋಜನವಿಲ್ಲ. ಏದುಸಿರು ಬರುತ್ತಿದೆ ಅಂತ ಸಹಾಯವಾಣಿಗೆ ಹೇಳಿಯೂ ಪ್ರಯೋಜನವಿಲ್ಲ.

ಇನ್ನು ಆಸ್ಪತ್ರೆಗೆ ಹೋಗುವುದು ಎಷ್ಟು ದಿನಕ್ಕೊಮ್ಮೆ? ಅಮೆರಿಕ, ಯುರೋಪ್, ಏಷ್ಯಾ-ಪೆಸಿಫಿಕ್, ಲ್ಯಾಟಿನ್ ಅಮೆರಿಕದ ಹೃದಯ ಬಡಿತ ತಜ್ಞರ ಸಂಘಗಳು 2023ರಲ್ಲಿ ಒಟ್ಟಾಗಿ ಕೊಟ್ಟ ಸಲಹೆ ಹೀಗಿದೆ: ಮಾನಿಟರ್ ಸತತವಾಗಿ ಕೆಲಸ ಮಾಡುತ್ತಿದ್ದು, ಬೇರೆ ಹೃದಯ ತೊಂದರೆ ಇಲ್ಲದಿದ್ದರೆ, ನೇರ ತಪಾಸಣೆಯನ್ನು 24 ತಿಂಗಳವರೆಗೂ ಮುಂದೆ ಹಾಕಬಹುದು. ನಿಮ್ಮ ವಿಷಯದಲ್ಲಿ ಎಷ್ಟು ಅಂತ ನಿಮ್ಮ ಡಾಕ್ಟರೇ ಹೇಳಬೇಕು.

4. ಮನೆಯಲ್ಲಿ ಸರಿಯಾಗಿ ಜೋಡಿಸಿ

ಮಾನಿಟರನ್ನು ನೀವು ದಿನಾ ಮಲಗುವ ಹಾಸಿಗೆಯಿಂದ ಎರಡು ಮೀಟರ್ ಒಳಗೆ ಇಡಿ, ಪ್ಲಗ್ ಯಾವಾಗಲೂ ಹಾಕಿರಲಿ. ಟಿವಿ ನೋಡುವ ಕೋಣೆಯಲ್ಲಿಟ್ಟು ಬೇರೆ ಕೋಣೆಯಲ್ಲಿ ಮಲಗಿದರೆ ಅದು ರಾತ್ರಿಯಿಡೀ ನಿಮ್ಮನ್ನು ಹುಡುಕುತ್ತಲೇ ಇರುತ್ತದೆ. ನೆಟ್‌ವರ್ಕ್ ಸಿಗದಿದ್ದರೆ ಕಿಟಕಿ ಕಡೆಗೆ ಸರಿಸಿ ನೋಡಿ.

ಮೊಬೈಲ್ ಆ್ಯಪ್ ಇದ್ದವರಿಗೆ ಕಿರಿಕಿರಿ ಸ್ವಲ್ಪ ಜಾಸ್ತಿ. ಬ್ಲೂಟೂತ್ ಆನ್ ಇರಬೇಕು, ಇಂಟರ್ನೆಟ್ ಇರಬೇಕು, ಆ್ಯಪ್ ಹಿನ್ನೆಲೆಯಲ್ಲಿ ಓಡುತ್ತಿರಬೇಕು. ಆದರೆ ಬ್ಯಾಟರಿ ಉಳಿಸುವ ಮೋಡ್ ಆನ್ ಆದ ಕೂಡಲೇ ಫೋನು ಇಂಥ ಆ್ಯಪ್‌ಗಳನ್ನೇ ಮೊದಲು ಮಲಗಿಸುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಈ ಒಂದು ಆ್ಯಪ್‌ಗೆ ಬ್ಯಾಟರಿ ನಿರ್ಬಂಧ ತೆಗೆದುಹಾಕಿ. "ತೆರೆದಿರುವ ಆ್ಯಪ್ ಎಲ್ಲ ಮುಚ್ಚು" ಅಂತ ಬೆರಳಾಡಿಸುವ ಅಭ್ಯಾಸ ಇದ್ದರೆ ಇದನ್ನು ಬಿಟ್ಟು ಉಳಿದವನ್ನು ಮುಚ್ಚಿ. ಫೋನಿನ ಸಾಫ್ಟ್‌ವೇರ್ ಅಪ್‌ಡೇಟ್ ಆದ ಮೇಲೆ, ಹೊಸ ಫೋನ್ ಕೊಂಡ ಮೇಲೆ ಆ್ಯಪ್ ತೆರೆದು ಸಂಪರ್ಕ ಇದೆಯೇ ನೋಡಿ. ರಾತ್ರಿ ಫೋನನ್ನು ಹತ್ತಿರದ ಮೇಜಿನ ಮೇಲೆ ಇಡಿ. ಯಂತ್ರ ಇರುವ ಜಾಗದಿಂದ ಕನಿಷ್ಠ 15 ಸೆಂಟಿಮೀಟರ್ ದೂರ ಇರಬೇಕು. ಅಂಗಿಯ ಎದೆ ಜೇಬಿನಲ್ಲಿ ಬೇಡ.

ಮನೆಯಲ್ಲಿ ಹಿರಿಯರಿಗೆ ಇದೆಲ್ಲ ಗೊತ್ತಾಗದು ಅಂದರೆ, ಆ್ಯಪ್ ಬದಲು ಪ್ಲಗ್ ಹಾಕುವ ಮಾನಿಟರ್ ಕೊಡಲು ಸಾಧ್ಯವೇ ಅಂತ ಕೇಳಿ. ಮಗ ಊರಿಗೆ ಬಂದಾಗ ಮಾತ್ರ ಸರಿಯಾಗುವ ಆ್ಯಪ್‌ಗಿಂತ, ಪ್ಲಗ್ ಹಾಕಿ ಮರೆತುಬಿಡುವ ಪೆಟ್ಟಿಗೆಯೇ ವಾಸಿ.

ತಿಂಗಳಿಗೊಮ್ಮೆ ಸಂಪರ್ಕ ಪರೀಕ್ಷಿಸುವ ಅಭ್ಯಾಸ ಇಟ್ಟುಕೊಳ್ಳಿ. ಹಸಿರು ದೀಪ, ಟಿಕ್ ಗುರುತು, ಕೊನೆಗೆ ಮಾಹಿತಿ ಹೋದ ದಿನಾಂಕ, ನಿಮ್ಮದರಲ್ಲಿ ಯಾವುದಿದೆಯೋ ಅದು. ಕ್ಲಿನಿಕ್‌ನಿಂದ "ನಿಮ್ಮ ಮಾನಿಟರ್ ಎರಡು ವಾರದಿಂದ ಸಂಪರ್ಕಕ್ಕೆ ಸಿಕ್ಕಿಲ್ಲ" ಅಂತ ಫೋನ್ ಬಂದರೆ ಎದೆ ಧಸಕ್ಕೆನ್ನುವುದು ಸಹಜ. ಹೆಚ್ಚಿನ ಸಲ ಯಾರೋ ಬೇರೇನೋ ಚಾರ್ಜ್ ಮಾಡಲು ಪ್ಲಗ್ ಕಿತ್ತಿರುತ್ತಾರೆ, ಅಷ್ಟೇ. ಒಂದೆರಡು ದಿನದ ಪ್ರಯಾಣಕ್ಕೆ ಮಾನಿಟರ್ ಹೊತ್ತೊಯ್ಯಬೇಕಾಗಿಲ್ಲ, ವಾರಗಟ್ಟಲೆ ಹೋಗುವುದಾದರೆ ಜೊತೆಗಿರಲಿ. ಬೇರೆ ದೇಶಕ್ಕಾದರೆ ಅಲ್ಲಿ ಅದು ಕೆಲಸ ಮಾಡುತ್ತದೆಯೇ ಅಂತ ಮೊದಲೇ ಕೇಳಿಕೊಳ್ಳಿ.

5. ಅಲರ್ಟ್ ಬಂದಿದೆ ಅಂದಾಗ

"ನಿಮ್ಮ ರಿಪೋರ್ಟ್‌ನಲ್ಲಿ ಏನೋ ಕಾಣಿಸಿದೆ, ಒಮ್ಮೆ ಬನ್ನಿ" ಅಂದ ಕೂಡಲೇ ಮನಸ್ಸು ಕೆಟ್ಟದ್ದನ್ನೇ ನೆನೆಯುತ್ತದೆ. ಅಲರ್ಟ್ ಅಂದರೆ ಏನು ಅಂತ ಒಂದು ಉದಾಹರಣೆ ಹತ್ತಿರದಿಂದ ನೋಡೋಣ.

ಐಸಿಡಿಯ ಲೀಡ್ ಒಳಗೆ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ ಅಂದುಕೊಳ್ಳಿ. ಕೈ ಎತ್ತಿದಾಗ, ಹೊರಳಿದಾಗ ಆ ಬಿರುಕು ಕೂಡಿ ಬಿಡುತ್ತಿರುತ್ತದೆ, ತಂತಿಯಲ್ಲಿ ಚಟಪಟ ಸದ್ದಿನಂಥ ಸಂಕೇತಗಳು ಏಳುತ್ತವೆ. ಯಂತ್ರಕ್ಕೆ ಅದು ಹೃದಯ ನಿಮಿಷಕ್ಕೆ ನೂರಾರು ಸಲ ಹೊಡೆದುಕೊಂಡ ಹಾಗೆ ಕಾಣುತ್ತದೆ. ನಿಮಗೆ ಏನೂ ಗೊತ್ತಾಗುವುದಿಲ್ಲ, ಆರಾಮವಾಗಿಯೇ ಇರುತ್ತೀರಿ. ಹಾಗೇ ಬಿಟ್ಟರೆ ಒಂದು ದಿನ ಬೇಡದ ಶಾಕ್ ಬೀಳಬಹುದು. ಆದರೆ ಅದಕ್ಕೂ ಮೊದಲೇ ಲೀಡ್‌ನ ವಿದ್ಯುತ್ ತಡೆ ದಿಢೀರನೆ ಏರಿರುವುದನ್ನು, ಅಸಾಧ್ಯ ವೇಗದ ಸಂಕೇತಗಳನ್ನು ಮಾನಿಟರ್ ಕಳಿಸಿರುತ್ತದೆ. ಕ್ಲಿನಿಕ್‌ನವರು ಕರೆಸಿಕೊಂಡು ಸೆಟ್ಟಿಂಗ್ ಬದಲಿಸುತ್ತಾರೆ, ಆಮೇಲೆ ಲೀಡ್ ಬದಲಿಸುವ ಯೋಚನೆ. ನೆಮ್ಮದಿಯಾಗಿದ್ದ ಹೊತ್ತಿನಲ್ಲಿ ಬಂದ ಆ ಫೋನ್ ಕರೆ ನಿಮ್ಮನ್ನು ಒಂದು ದೊಡ್ಡ ಯಾತನೆಯಿಂದ ಉಳಿಸಿರುತ್ತದೆ.

ಎಲ್ಲ ಅಲರ್ಟ್‌ಗೂ ಕೂಡಲೇ ಚಿಕಿತ್ಸೆ ಬೇಕಾಗುವುದಿಲ್ಲ. ಹೃದಯದ ಮೇಲ್ಕೋಣೆ ಕೆಲವು ನಿಮಿಷ ಅಥವಾ ಗಂಟೆ ತಾಳ ತಪ್ಪಿ ಬಡಿದದ್ದನ್ನು ಯಂತ್ರ ಹಿಡಿಯುತ್ತದೆ. ನಿಮಗದು ಅನುಭವಕ್ಕೇ ಬಂದಿರುವುದಿಲ್ಲ. ಇಂಥವರಿಗೆ ರಕ್ತ ತೆಳುವಾಗಿಸುವ ಮಾತ್ರೆ ಕೊಡಬೇಕೇ ಅಂತ 2023ರಲ್ಲಿ ಎರಡು ದೊಡ್ಡ ಅಧ್ಯಯನಗಳು ಬಂದವು. ಅವುಗಳಲ್ಲಿ ಒಂದಾದ 'ಆರ್ಟೀಸಿಯಾ'ದಲ್ಲಿ ಮಾತ್ರೆಯಿಂದ ಪಾರ್ಶ್ವವಾಯು ಅಥವಾ ದೇಹದ ಬೇರೆಡೆ ರಕ್ತದ ಹೆಪ್ಪು ಸಿಕ್ಕಿಕೊಳ್ಳುವುದು ವರ್ಷಕ್ಕೆ ಶೇ. 1.24ರಿಂದ ಶೇ. 0.78ಕ್ಕೆ ಇಳಿಯಿತು, ಆದರೆ ದೊಡ್ಡ ರಕ್ತಸ್ರಾವಗಳು ಹೆಚ್ಚಿದವು. ಅಂದರೆ ಇದು ನಿಮ್ಮ ವಯಸ್ಸು, ಬಿಪಿ, ಸಕ್ಕರೆ ಕಾಯಿಲೆ, ಹಿಂದೆ ಪಾರ್ಶ್ವವಾಯು ಆಗಿತ್ತೇ ಅನ್ನುವುದನ್ನೆಲ್ಲ ನೋಡಿ, ಡಾಕ್ಟರ ಜೊತೆ ಕೂತು ಮಾತಾಡಿ ತೀರ್ಮಾನಿಸುವ ವಿಷಯ. ಅಲರ್ಟ್ ನೋಡಿ ನೀವಾಗಿಯೇ ಮಾತ್ರೆ ಶುರು ಮಾಡುವುದೂ ಬೇಡ, ನಿಲ್ಲಿಸುವುದೂ ಬೇಡ.

6. ಅದಕ್ಕೆ ಕಾಣದ್ದನ್ನು ನೀವು ನೋಡಿ

ಯಂತ್ರ ಇಟ್ಟ ಜಾಗ ಕೆಂಪಾದರೆ, ಊದಿಕೊಂಡರೆ, ಕೀವು ಬಂದರೆ, ಚರ್ಮ ತೆಳುವಾಗಿ ಯಂತ್ರದ ಅಂಚು ಎದ್ದು ಕಂಡರೆ ಮಾನಿಟರ್ ಏನೂ ಹೇಳುವುದಿಲ್ಲ. ಇದು ಸೋಂಕಿನ ಲಕ್ಷಣ. ವರ್ಷಗಳಾದ ಮೇಲೂ ಬರಬಹುದು, ಅದೇ ದಿನ ಫೋನ್ ಮಾಡಬೇಕು. ಮನೆಮದ್ದು ಹಚ್ಚುತ್ತಾ ಕೂರಬೇಡಿ.

ಹೃದಯ ವೈಫಲ್ಯ ಇರುವವರು ದಿನಾ ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ಏನೂ ತಿನ್ನುವ ಮೊದಲು ತೂಕ ನೋಡಿ ಬರೆದಿಡಿ. ಮೂರು ದಿನದಲ್ಲಿ ಎರಡು ಕಿಲೋಗಿಂತ ಜಾಸ್ತಿ ಏರಿದರೆ, ಕಾಲು ಬಾತುಕೊಂಡರೆ, ದಿಂಬು ಏರಿಸದೆ ಮಲಗಲು ಆಗದಿದ್ದರೆ ಕ್ಲಿನಿಕ್ಕಿಗೆ ತಿಳಿಸಿ.

ಎದೆನೋವು, ಎಚ್ಚರ ತಪ್ಪುವುದು, ತಡೆಯಲಾಗದ ಏದುಸಿರು, ಮುಖ ಸೊಟ್ಟಗಾಗುವುದು, ಮಾತು ತೊದಲುವುದು, ಒಂದು ಕೈ ಕಾಲು ಸ್ವಾಧೀನ ತಪ್ಪುವುದು: ಇವುಗಳಲ್ಲಿ ಒಂದು ಬಂದರೂ ನೇರ ತುರ್ತು ಚಿಕಿತ್ಸೆಗೆ ಹೋಗಿ. ಮಾನಿಟರ್‌ನ ಬಟನ್ ಒತ್ತಿ ಉತ್ತರಕ್ಕೆ ಕಾಯಬೇಡಿ. ಮನೆಯವರಿಗೂ ಇದನ್ನು ಹೇಳಿಟ್ಟಿರಿ. ಯಂತ್ರ ಇದ್ದವರು ಕುಸಿದು ಬಿದ್ದು ಉಸಿರಾಡದಿದ್ದರೆ ಎದೆ ಒತ್ತಲು ಯಾರೂ ಹಿಂಜರಿಯಬಾರದು. ಹೊರಗಿನಿಂದ ಶಾಕ್ ಕೊಡುವ ಎಇಡಿಯನ್ನೂ ಬಳಸಬಹುದು, ಅದರ ಪ್ಯಾಡ್ ಯಂತ್ರದ ಮೇಲೇ ಬಾರದಂತೆ ಅಂಟಿಸಿದರೆ ಸಾಕು.

7. ಐಸಿಡಿ ಇದ್ದರೆ ಶಾಕ್‌ನ ಯೋಜನೆ ಬರೆದಿಡಿ

ಎದೆಗೆ ಯಾರೋ ಜೋರಾಗಿ ಒದ್ದ ಹಾಗಾಯಿತು ಅಂತ ಶಾಕ್ ಅನುಭವಿಸಿದ ಬಹಳ ಜನ ಹೇಳುತ್ತಾರೆ. ಒಂದೇ ಕ್ಷಣದಲ್ಲಿ ಮುಗಿಯುತ್ತದೆ, ಆದರೆ ಅದರ ನೆನಪು ಅಷ್ಟು ಬೇಗ ಹೋಗುವುದಿಲ್ಲ. ಆ ಹೊತ್ತಿಗೆ ಯೋಚನೆ ಮಾಡಲು ಆಗದು, ಅದಕ್ಕೇ ಮೊದಲೇ ಬರೆದು ಫ್ರಿಜ್ ಬಾಗಿಲಿಗೋ ಗೋಡೆಗೋ ಅಂಟಿಸಬೇಕು.

ಒಂದು ಶಾಕ್ ಬಂದು, ಆಮೇಲೆ ಆರಾಮವಾಗಿದ್ದರೆ: ಕೂತು ಸುಧಾರಿಸಿಕೊಳ್ಳಿ, ಮಾನಿಟರ್‌ನಿಂದ ಮಾಹಿತಿ ಕಳಿಸಿ, ಕ್ಲಿನಿಕ್ಕಿಗೆ ಫೋನ್ ಮಾಡಿ. ರಾತ್ರಿಯಾಗಿದ್ದರೆ ಬೆಳಿಗ್ಗೆ ಮಾಡಿದರೂ ಆದೀತು ಅಂತ ಹೆಚ್ಚಿನ ಕ್ಲಿನಿಕ್‌ಗಳು ಹೇಳುತ್ತವೆ.

ಒಂದೇ ಶಾಕ್ ಆದರೂ ಎದೆನೋವು, ಏದುಸಿರು, ತಲೆಸುತ್ತು ಇದ್ದರೆ, ಇಲ್ಲವೇ 24 ಗಂಟೆಯೊಳಗೆ ಎರಡು ಅಥವಾ ಹೆಚ್ಚು ಶಾಕ್ ಬಂದರೆ: ಆಂಬುಲೆನ್ಸ್ ಕರೆಸಿ. ನೀವೇ ಗಾಡಿ ಓಡಿಸಿಕೊಂಡು ಹೋಗಬೇಡಿ. ಶಾಕ್ ಆದ ಮೇಲೆ ಎಷ್ಟು ದಿನ ವಾಹನ ಓಡಿಸಬಾರದು ಅನ್ನುವ ನಿಯಮ ದೇಶದಿಂದ ದೇಶಕ್ಕೆ ಬೇರೆ, ಡಾಕ್ಟರನ್ನೇ ಕೇಳಿ.

ಶಾಕ್ ಬರುವಾಗ ನಿಮ್ಮ ಕೈ ಹಿಡಿದವರಿಗೆ ಸಣ್ಣಗೆ ಜುಮ್ಮೆನ್ನಬಹುದು, ಅಪಾಯವೇನೂ ಇಲ್ಲ. ಹೆಂಡತಿಯನ್ನು, ಗಂಡನನ್ನು, ಮೊಮ್ಮಕ್ಕಳನ್ನು ಅಪ್ಪಿಕೊಳ್ಳಲು ಹೆದರಿ ದೂರ ಕೂರುವವರಿಗೆ ಈ ಒಂದು ಮಾತು ಗೊತ್ತಾದರೆ ಎಷ್ಟೋ ಹಗುರಾಗುತ್ತದೆ.

8. ಮನಸ್ಸಿನ ಕಡೆಗೂ ಗಮನ ಕೊಡಿ

ಹೃದಯದ ಬಗ್ಗೆ ಹತ್ತು ಜನ ಕೇಳುತ್ತಾರೆ, ಮನಸ್ಸಿನ ಬಗ್ಗೆ ಕೇಳುವವರು ಕಡಿಮೆ. ಐಸಿಡಿ ಹಾಕಿಸಿಕೊಂಡವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಚಿಕಿತ್ಸೆ ಬೇಕಾಗುವಷ್ಟು ಆತಂಕ ಅಥವಾ ಖಿನ್ನತೆ ಇರುತ್ತದೆ. ಇದು ಹೇಡಿತನವೂ ಅಲ್ಲ, ಕೊರಗುವ ಸ್ವಭಾವವೂ ಅಲ್ಲ. ಎದೆಯೊಳಗೆ ಯಾವಾಗ ಬೇಕಾದರೂ ಒದೆಯಬಲ್ಲ ವಸ್ತು ಇಟ್ಟುಕೊಂಡವರಿಗೆ ಹೀಗೆ ಅನಿಸಿದರೆ ಆಶ್ಚರ್ಯ ಏನಿದೆ?

ಮಾನಿಟರ್ ಇಟ್ಟರೆ ಚಿಂತೆ ಹೆಚ್ಚುತ್ತದೆಯೇ? ಯುರೋಪಿನ ಐದು ದೇಶಗಳ 595 ಜನರನ್ನು ಎರಡು ವರ್ಷ ಗಮನಿಸಿದ 'ರಿಮೋಟ್-ಸಿಐಇಡಿ' ಅಧ್ಯಯನದಲ್ಲಿ, ಮಾನಿಟರ್ ಇದ್ದವರಿಗೂ ಬರೀ ಆಸ್ಪತ್ರೆಗೆ ಹೋಗುತ್ತಿದ್ದವರಿಗೂ ಆರೋಗ್ಯದ ಅನುಭವದಲ್ಲಿ, ಯಂತ್ರವನ್ನು ಒಪ್ಪಿಕೊಳ್ಳುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಂದರೆ ಅದರಿಂದ ಮನಸ್ಸಿಗೆ ಹಾನಿಯಿಲ್ಲ. ಆದರೆ ಮಾನಿಟರ್ ಇದ್ದ ಮಾತ್ರಕ್ಕೆ ನೆಮ್ಮದಿ ತಾನಾಗಿ ಬರುವುದೂ ಇಲ್ಲ. ಅದಕ್ಕೆ ಬೇರೆಯೇ ಗಮನ ಬೇಕು.

ಎಚ್ಚರ ವಹಿಸಬೇಕಾದ ಒಂದು ಅಭ್ಯಾಸ ಇದೆ. ಬೆಳಿಗ್ಗೆ ಎದ್ದ ಕೂಡಲೇ ಆ್ಯಪ್ ತೆರೆಯುವುದು, ದೀಪ ಹಸಿರಿದೆಯೇ ನೋಡುವುದು, ವಾಚ್‌ನಲ್ಲಿ ಬಡಿತ ನೋಡುವುದು, ಬೆರಳಿಟ್ಟು ನಾಡಿ ನೋಡುವುದು, ಅರ್ಧ ಗಂಟೆಗೆ ಮತ್ತೆ ಅದೇ. ಪ್ರತಿ ಸಲ ನೋಡಿದಾಗ ಒಂದು ಕ್ಷಣ ಸಮಾಧಾನ, ಆಮೇಲೆ ಭಯ ಇನ್ನಷ್ಟು ಬಲಿಯುತ್ತದೆ. ನೋಡುವುದಕ್ಕೆ ಒಂದು ದಿನ ಇಟ್ಟುಕೊಳ್ಳಿ, ತಿಂಗಳ ಮೊದಲ ಭಾನುವಾರ ಅಂತ. ಉಳಿದ ದಿನ ಮನಸ್ಸು ಎಳೆದರೆ ಎದ್ದು ಸ್ವಲ್ಪ ಓಡಾಡಿ, ಯಾರ ಜೊತೆಗಾದರೂ ಮಾತಾಡಿ. ಹೀಗೆ ಮಾಡಿಯೂ ತಡೆಯಲಾಗದಿದ್ದರೆ ಮನೋವೈದ್ಯರ ಅಥವಾ ಆಪ್ತಸಮಾಲೋಚಕರ ಸಹಾಯ ಪಡೆಯಿರಿ. ಯೋಚನೆಯ ದಾರಿ ಬದಲಿಸುವ ಸಿಬಿಟಿ ಎಂಬ ಚಿಕಿತ್ಸೆಯಿಂದ ಐಸಿಡಿ ಇರುವವರ ಆತಂಕ ತಗ್ಗುತ್ತದೆ ಅನ್ನುವುದಕ್ಕೆ ಆಧಾರ ಇದೆ.

ಕೆಲವರಿಗೆ ನಿದ್ದೆಯಲ್ಲಿ ಶಾಕ್ ಬಂದ ಹಾಗಾಗಿ ಎಚ್ಚರವಾಗುತ್ತದೆ, ಯಂತ್ರ ಶಾಕ್ ಕೊಟ್ಟೇ ಇರುವುದಿಲ್ಲ. ಅನುಭವ ಮಾತ್ರ ಸುಳ್ಳಲ್ಲ, ಬೆವರಿಳಿದು ಕೂತಿರುತ್ತಾರೆ. ಇಲ್ಲಿ ಮಾನಿಟರ್ ನಿಜಕ್ಕೂ ಕೈ ಹಿಡಿಯುತ್ತದೆ. ಮಾಹಿತಿ ಕಳಿಸಿ ಫೋನ್ ಮಾಡಿದರೆ, ಶಾಕ್ ಬಂದಿತ್ತೋ ಇಲ್ಲವೋ ಅಂತ ದಾಖಲೆ ನೋಡಿಯೇ ಹೇಳುತ್ತಾರೆ. ಮನೆಯವರು "ಎಲ್ಲ ನಿನ್ನ ಭ್ರಮೆ" ಅಂತ ತಳ್ಳಿಹಾಕಬಾರದು. ಪದೇಪದೇ ಹೀಗಾಗುತ್ತಿದ್ದರೆ ಒಳಗೆ ಆತಂಕ ತುಂಬಿದೆ ಅಂತ ಅರ್ಥ, ಅದನ್ನು ಡಾಕ್ಟರಿಗೆ ಹೇಳಿ.

ದೇಹ ಆಡಿಸಲು ಹೆದರಿಕೆಯೇ? ಐಸಿಡಿ ಎಷ್ಟು ವೇಗದ ಬಡಿತಕ್ಕೆ ಎಚ್ಚೆತ್ತುಕೊಳ್ಳುತ್ತದೆ ಅನ್ನುವ ಸಂಖ್ಯೆಯನ್ನು ಕ್ಲಿನಿಕ್‌ನಲ್ಲಿ ಕೇಳಿ. ಅದಕ್ಕಿಂತ 10ರಿಂದ 20 ಬಡಿತ ಕೆಳಗೇ ಇರುವಂತೆ ವ್ಯಾಯಾಮ ಮಾಡುವುದು ಸಾಮಾನ್ಯ ಸಲಹೆ. ಉದಾಹರಣೆಗೆ ಆ ಸಂಖ್ಯೆ 180 ಇದ್ದರೆ 160ರ ಆಸುಪಾಸಿನವರೆಗೆ ಗಾಬರಿ ಬೇಡ. ನಡೆಯುವುದು, ಮೆಟ್ಟಿಲು ಹತ್ತುವುದು, ಗಂಡ-ಹೆಂಡಿರ ಸಂಬಂಧ ಇವೆಲ್ಲ ಬಹುಪಾಲು ಜನರಿಗೆ ಆ ಮಿತಿಗಿಂತ ಎಷ್ಟೋ ಕೆಳಗಿರುತ್ತವೆ. ಈ ಕೊನೆಯದನ್ನು ಕೇಳಲು ನಾಚಿಕೆಪಟ್ಟು ವರ್ಷಗಟ್ಟಲೆ ದೂರ ಉಳಿಯುವ ದಂಪತಿಗಳಿದ್ದಾರೆ. ಡಾಕ್ಟರಿಗೆ ಇದು ದಿನನಿತ್ಯದ ಪ್ರಶ್ನೆ, ಧೈರ್ಯವಾಗಿ ಕೇಳಿ.

ಮನೆಯವರಿಗೂ ಒಂದು ಮಾತು. ಗಳಿಗೆಗೊಮ್ಮೆ "ಹೇಗಿದ್ದೀರಿ?" ಅಂತ ಕೇಳುವುದು, ಭಾರ ಎತ್ತಬೇಡಿ, ಒಬ್ಬರೇ ಹೋಗಬೇಡಿ ಅನ್ನುವುದು ಪ್ರೀತಿಯಿಂದಲೇ ಬರುತ್ತದೆ. ಆದರೆ ಅದು ಆ ವ್ಯಕ್ತಿಯನ್ನು ದಿನಾ ರೋಗಿ ಮಾಡುತ್ತದೆ. ಆಪರೇಷನ್ ಆದ ಮೊದಲ ನಾಲ್ಕಾರು ವಾರ ಆ ಕಡೆಯ ತೋಳನ್ನು ಭುಜಕ್ಕಿಂತ ಮೇಲೆ ಎತ್ತಬಾರದು ಅನ್ನುವಂಥ ನಿಯಮಗಳು ಮುಗಿದ ಮೇಲೆ, ಅವರ ಕೆಲಸ ಅವರಿಗೆ ಬಿಟ್ಟುಕೊಡಿ. ಕಾಯುವವರಿಗೂ ನಿದ್ದೆ ಕೆಡುತ್ತದೆ, ಅವರನ್ನೂ ಯಾರಾದರೂ ಕೇಳಬೇಕು, ಅಲ್ವಾ?

9. ಸುತ್ತಲಿನ ವಿದ್ಯುತ್, ಮಾಹಿತಿಯ ಸುರಕ್ಷತೆ

ಮಿಕ್ಸಿ, ಫ್ರಿಜ್, ಟಿವಿ, ಮೈಕ್ರೋವೇವ್ ಯಾವುದಕ್ಕೂ ಹೆದರಬೇಕಾಗಿಲ್ಲ. ಇಂಡಕ್ಷನ್ ಒಲೆಯಿಂದ 60 ಸೆಂಟಿಮೀಟರ್ ದೂರ ಇರಿ. ಆಯಸ್ಕಾಂತ ಇರುವ ಫೋನ್ ಕವರ್, ವೈರ್‌ಲೆಸ್ ಚಾರ್ಜರ್ ಎದೆಗೆ ತಾಗಿಸಬೇಡಿ. ವಿಮಾನ ನಿಲ್ದಾಣದ ಲೋಹಶೋಧಕ ಬಾಗಿಲಲ್ಲಿ ನಿಲ್ಲದೆ ಮಾಮೂಲಿಯಾಗಿ ದಾಟಿ. ಎಂಆರ್‌ಐ ಮಾಡಿಸಬೇಕಾದರೆ ಮೊದಲು ಕಾರ್ಡ್ ತೋರಿಸಿ. ಈಗಿನ ಹೆಚ್ಚಿನ ಯಂತ್ರಗಳಲ್ಲಿ ಅದಕ್ಕೆ ಬೇರೆ ಸೆಟ್ಟಿಂಗ್ ಹಾಕಿ ಮಾಡುತ್ತಾರೆ. ವೆಲ್ಡಿಂಗ್ ಕೆಲಸ ಮಾಡುವವರು ಡಾಕ್ಟರನ್ನು ಕೇಳದೆ ಮರಳಬೇಡಿ.

ಯಾರಾದರೂ ಹ್ಯಾಕ್ ಮಾಡಿದರೆ? ಭಯ ಹಳೆಯದೇ. ಅಮೆರಿಕದ ಉಪಾಧ್ಯಕ್ಷರಾಗಿದ್ದ ಡಿಕ್ ಚೇನಿ ಅವರ ಯಂತ್ರದ ವೈರ್‌ಲೆಸ್ ಸಂಪರ್ಕವನ್ನು 2007ರಲ್ಲಿ ಇದೇ ಕಾರಣಕ್ಕೆ ತೆಗೆಸಿದ್ದರು. 2017ರಲ್ಲಿ ಅಮೆರಿಕದಲ್ಲಿ ಸುಮಾರು 4,65,000 ಪೇಸ್‌ಮೇಕರ್‌ಗಳಿಗೆ ಸುರಕ್ಷತೆಯ ಅಪ್‌ಡೇಟ್ ಬಂತು. ಅದನ್ನು ಕ್ಲಿನಿಕ್‌ನಲ್ಲೇ ಹಾಕಬೇಕಿತ್ತು. ಕಂಪನಿ ಕೊಟ್ಟ ಮಾನಿಟರನ್ನೇ ಬಳಸಿ, ಆ್ಯಪ್ ಅಪ್‌ಡೇಟ್ ಮಾಡುತ್ತಿರಿ, ಪಾಸ್‌ವರ್ಡ್ ಯಾರಿಗೂ ಕೊಡಬೇಡಿ. ಈ ಭಯಕ್ಕೆ ಮಾನಿಟರ್ ಕಿತ್ತಿಟ್ಟರೆ ನಷ್ಟವೇ ಜಾಸ್ತಿ.

10. ಮಾತಾಡಲು ಕಷ್ಟವಾದ ವಿಷಯವನ್ನೂ ಮಾತಾಡಿ

ಕ್ಯಾನ್ಸರ್‌ನಂಥ ಕಾಯಿಲೆ ಕೊನೆಯ ಹಂತಕ್ಕೆ ಬಂದಾಗ ಐಸಿಡಿ ಮಾತ್ರ ಎಂದಿನಂತೆ ಕಾಯುತ್ತಿರುತ್ತದೆ. ಕೊನೆಯ ಗಂಟೆಗಳಲ್ಲಿ ಬಡಿತ ತಾಳ ತಪ್ಪಿದರೆ ಶಾಕ್ ಕೊಡುತ್ತದೆ. ಅದು ಯಾರಿಗೂ ಬೇಡದ ನೋವು. ಶಾಕ್ ಕೊಡುವ ಭಾಗವನ್ನಷ್ಟೇ ಆಫ್ ಮಾಡಬಹುದು. ಆಪರೇಷನ್ ಬೇಡ, ನೋವಿಲ್ಲ, ಆಫ್ ಮಾಡಿದ ಕೂಡಲೇ ಜೀವ ಹೋಗುವುದೂ ಇಲ್ಲ. ಪೇಸ್‌ಮೇಕರ್ ಭಾಗ ಮುಂದುವರಿಯುತ್ತದೆ. ಇದನ್ನು ಸಾಮಾನ್ಯವಾಗಿ ಮನೆಯಿಂದ ಮಾನಿಟರ್ ಮೂಲಕ ಮಾಡಲು ಆಗುವುದಿಲ್ಲ, ಯಾರಾದರೂ ಸೆಟ್ಟಿಂಗ್ ಬದಲಿಸುವ ಪ್ರೋಗ್ರಾಮರ್ ಎಂಬ ಉಪಕರಣ ತಂದು ಹತ್ತಿರ ಬರಬೇಕು. ಹಾಗಾಗಿ ಆರಾಮವಾಗಿರುವಾಗಲೇ ಮನೆಯವರ ಮುಂದೆ, ಡಾಕ್ಟರ ಮುಂದೆ ನಿಮ್ಮ ಇಷ್ಟ ಏನು ಅಂತ ಹೇಳಿಟ್ಟಿರಿ. ದಹನ ಮಾಡುವುದಾದರೆ ಅದಕ್ಕೆ ಮೊದಲು ಯಂತ್ರವನ್ನು ತೆಗೆಸಬೇಕು, ಬೆಂಕಿಯಲ್ಲಿ ಬ್ಯಾಟರಿ ಸಿಡಿಯುತ್ತದೆ. ಇದು ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಲಿ.

11. ಬ್ಯಾಟರಿ ಮುಗಿಯುವ ಕಾಲ ಬಂದಾಗ

ದೇಹದೊಳಗೆ ಪೂರ್ತಿ ಇಡುವ ಮೊದಲ ಪೇಸ್‌ಮೇಕರನ್ನು 1958ರ ಅಕ್ಟೋಬರ್ 8ರಂದು ಸ್ಟಾಕ್‌ಹೋಮ್‌ನಲ್ಲಿ ಆರ್ನೆ ಲಾರ್ಸನ್ ಎಂಬುವರಿಗೆ ಹಾಕಿದರು. ಆ ಯಂತ್ರ ಕೆಲವೇ ಗಂಟೆ ನಡೆಯಿತು. ಅವರು ಜೀವಮಾನದಲ್ಲಿ 26 ಪೇಸ್‌ಮೇಕರ್ ಬದಲಿಸಿಕೊಂಡು, 86 ವರ್ಷ ಬದುಕಿ 2001ರಲ್ಲಿ ತೀರಿಕೊಂಡರು, ಅದೂ ಕ್ಯಾನ್ಸರ್‌ನಿಂದ. ಈಗಿನ ಬ್ಯಾಟರಿ ಹಲವು ವರ್ಷ ಬರುತ್ತದೆ, ಎಷ್ಟು ಅನ್ನುವುದು ಯಂತ್ರ ಎಷ್ಟು ಕೆಲಸ ಮಾಡುತ್ತದೆ ಅನ್ನುವುದರ ಮೇಲಿದೆ.

ಬ್ಯಾಟರಿ ಬದಲಿಸುವ ಸಮಯ ಬಂದಿದೆ ಅಂತ ಮಾನಿಟರ್ ತಿಳಿಸಿದ ಮೇಲೂ ಸಾಮಾನ್ಯವಾಗಿ ಸುಮಾರು ಮೂರು ತಿಂಗಳ ಅವಕಾಶ ಇರುತ್ತದೆ, ಆ ರಾತ್ರಿಯೇ ನಿಂತುಹೋಗುವುದಿಲ್ಲ. ಕೆಲವು ಐಸಿಡಿಗಳು ಎದೆಯೊಳಗಿಂದಲೇ ಬೀಪ್ ಅನ್ನುತ್ತವೆ ಅಥವಾ ಕಂಪಿಸುತ್ತವೆ. ಹಾಗೆ ಆದರೆ ಅಲಾರಂ ಅಂದುಕೊಂಡು ಸುಮ್ಮನಾಗಬೇಡಿ, ಕ್ಲಿನಿಕ್ಕಿಗೆ ಹೇಳಿ.

ಹೊಸ ಯಂತ್ರ ಹಾಕಿದ ಮೇಲೆ ಹಳೆಯ ಮಾನಿಟರ್ ಅದರ ಜೊತೆ ಮಾತಾಡದೆ ಇರಬಹುದು. ಮನೆಗೆ ಹೊರಡುವ ಮೊದಲೇ ಮೂರು ವಿಷಯ ಕೇಳಿಕೊಳ್ಳಿ: ಮಾನಿಟರ್ ಹೊಸದು ಬೇಕೇ, ಜೋಡಣೆ ಆಗಿದೆಯೇ, ಮೊದಲ ಮಾಹಿತಿ ನಿಮ್ಮ ಪರದೆಗೆ ಬಂದಿದೆಯೇ. ಮೂರನೆಯದಕ್ಕೆ "ಬಂದಿದೆ" ಅನ್ನುವ ಉತ್ತರ ಸಿಗುವವರೆಗೆ ಫೋನ್ ಮಾಡುತ್ತಿರಿ. ಹೊಸ ಕಾರ್ಡ್ ಇಸಿದುಕೊಂಡು ಹಳೆಯದನ್ನು ಪರ್ಸಿನಿಂದ ತೆಗೆದುಬಿಡಿ.